ಗ್ಯಾರೇಜ್ ಕಟ್ಟೆ: ಕುಂಯ್, ಚರಚರ, ಟರ್ ಟರ್

ಕಳೆದ ಸಲ ಬ್ಯಾಟರಿ ಬಗ್ಗೆ ಬರೆದು ಮುಗಿಸುವಾಗ ಸುಮ್ನೆ ಒಂದು ಸಾಲು ಸೇರಿಸಿದ್ದೆ: ನಿಮ್ಮ ಕಾರಿನ ಸ್ಟೀರಿಯೋದಲ್ಲಿ ಹಾಡಿನ ಜೊತೆ ಬೇಡದ್ದೇನಾದರೂ ಕೇಳುತ್ತಿದ್ದರೆ ಬರೆಯಿರಿ ಅಂತ. ಬರೆದಿರಿ ಬಿಡಿ. ಪತ್ರ ಬಂತು, ಮೇಲ್ ಬಂತು, ವಾಯ್ಸ್ ನೋಟ್ ಬಂತು. ಒಬ್ಬರು ನಾಲ್ಕು ನಿಮಿಷ ಬರೀ ಕುಂಯ್ ಸದ್ದನ್ನೇ ರೆಕಾರ್ಡ್ ಮಾಡಿ ಕಳಿಸಿದ್ದರು. ರಾತ್ರಿ ಅದನ್ನು ಕೇಳುತ್ತಾ ಕೂತಿದ್ದರೆ ನಮ್ಮ ಮನೆಯವರು ಸೊಳ್ಳೆ ಬ್ಯಾಟ್ ಹಿಡಿದುಕೊಂಡು ಬಂದರು.

ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಕೆಲವನ್ನು ಇಲ್ಲಿ ಹಾಕಿದ್ದೇನೆ. ಮುಂದೆ ಬರೆಯುವವರಿಗೆ ಒಂದು ಮಾತು: ಸದ್ದು ಹೇಗಿದೆ ಅನ್ನುವುದಕ್ಕಿಂತ ಅದು ಯಾವಾಗ ಬದಲಾಗುತ್ತದೆ ಅಂತ ಬರೆಯಿರಿ. ಎಂಜಿನ್ ಜೊತೆ ಏರುತ್ತದೆಯೇ, ವಾಲ್ಯೂಮ್ ಜೊತೆ ಏರುತ್ತದೆಯೇ, ಲೈಟ್ ಹಾಕಿದಾಗ ಬರುತ್ತದೆಯೇ. ಅಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಪ್ರಶ್ನೆ: ಸರ್, ನನ್ನದು 2017ರ ಪೆಟ್ರೋಲ್ ಕಾರು. ಹೋದ ತಿಂಗಳು ಹೊಸ ಹೆಡ್ ಯೂನಿಟ್ (ಡ್ಯಾಶ್‌ಬೋರ್ಡಿನ ಸ್ಟೀರಿಯೋ), ಡಿಕ್ಕಿಯಲ್ಲಿ ಒಂದು 4 ಚಾನೆಲ್ ಆ್ಯಂಪ್ (ಆಂಪ್ಲಿಫೈಯರ್) ಹಾಕಿಸಿದೆ. ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಸ್ಪೀಕರ್‌ನಲ್ಲಿ ಕುಂಯ್ ಅನ್ನುತ್ತೆ. ಆಕ್ಸಿಲರೇಟರ್ ಒತ್ತಿದರೆ ಕುಂಯ್ ಹೋಗಿ ಕೀಂಯ್ ಆಗುತ್ತೆ. ವಾಲ್ಯೂಮ್ ಸೊನ್ನೆಗೆ ಇಟ್ಟರೂ ಅಷ್ಟೇ ಕೇಳುತ್ತೆ. ಹಾಕಿಕೊಟ್ಟವರು ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ತಯಾರಿಸುವ ಭಾಗ) ಹೋಗಿದೆ, ಬದಲಾಯಿಸಿ ಅಂತಾರೆ. ಬದಲಾಯಿಸಲಾ? (ಓದುಗರು, ಹಾಸನ)

ಉತ್ತರ: ಬೇಡ, ಸದ್ಯಕ್ಕೆ ಬೇಡ. ನಿಮ್ಮ ಪತ್ರದಲ್ಲೇ ಎರಡು ಸುಳಿವು ಇವೆ.

ಮೊದಲನೆಯದು, ಸದ್ದು ಎಂಜಿನ್ ಜೊತೆ ಏರುತ್ತಿದೆ. ಹಾಗಾಗಿ ಅದು ಹುಟ್ಟುತ್ತಿರುವುದು ಆಲ್ಟರ್ನೇಟರ್‌ನಲ್ಲೇ, ನಿಮ್ಮವರು ಹೇಳಿದ್ದು ಅಷ್ಟರ ಮಟ್ಟಿಗೆ ಸರಿ. ಆದರೆ ಹಾಗಂತ ಆಲ್ಟರ್ನೇಟರ್ ಕೆಟ್ಟಿದೆ ಅಂತಲ್ಲ. ಅದರೊಳಗೆ ತಯಾರಾಗುವುದು ಮೂರು ಫೇಸ್ ಎಸಿ ಕರೆಂಟ್, ಅದನ್ನು ಸಾಮಾನ್ಯವಾಗಿ ಆರು ಡಯೋಡ್‌ಗಳು ಸೇರಿ ಡಿಸಿ ಮಾಡುತ್ತವೆ. ಹಾಗೆ ಬಂದ ಡಿಸಿ ದೋಸೆ ಹಂಚಿನಂತೆ ಸಪಾಟಾಗಿ ಇರುವುದಿಲ್ಲ, ಪಡ್ಡಿನ ಹಂಚಿನ ಹಾಗೆ ಸಣ್ಣ ಸಣ್ಣ ಉಬ್ಬುತಗ್ಗು ಇದ್ದೇ ಇರುತ್ತದೆ. ಲೆಕ್ಕ ಹಾಕಿ ನೋಡಿ: ಐಡಲ್‌ನಲ್ಲಿ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗಿದರೆ ಬೆಲ್ಟ್ ಕಡೆಯಿಂದ ಆಲ್ಟರ್ನೇಟರ್ ಅದರ ಎರಡೂವರೆ ಮೂರು ಪಟ್ಟು ತಿರುಗುತ್ತದೆ, 12 ಪೋಲ್ ಇರುವ ಆಲ್ಟರ್ನೇಟರ್ ಆದರೆ ಸೆಕೆಂಡಿಗೆ ಹೆಚ್ಚುಕಡಿಮೆ 1,200ರಿಂದ 1,400 ಉಬ್ಬು ಬರುತ್ತವೆ. ಎಂಜಿನ್ನನ್ನು 2,000ಕ್ಕೆ ಏರಿಸಿ, ಉಬ್ಬು 3,000 ದಾಟುತ್ತದೆ. ನಮ್ಮ ಕಿವಿ ಅತಿ ಚುರುಕಾಗಿರುವುದು 2,000 ಮತ್ತು 4,000 ಹರ್ಟ್ಸ್ ನಡುವೆಯೇ. ಅದಕ್ಕೇ ಅಷ್ಟು ಸಣ್ಣ ಸದ್ದು ಅಷ್ಟು ಕಿರಿಕಿರಿ.

ಎರಡನೆಯ ಸುಳಿವು, ವಾಲ್ಯೂಮ್ ಇಳಿಸಿದರೂ ಸದ್ದು ಇಳಿಯುತ್ತಿಲ್ಲ. ಅಂದಮೇಲೆ ಅದು ಸೇರಿಕೊಳ್ಳುತ್ತಿರುವುದು ವಾಲ್ಯೂಮ್ ಗುಂಡಿ ದಾಟಿದ ಮೇಲೆ, ಹೆಡ್ ಯೂನಿಟ್ ಹಿಂಭಾಗದಿಂದ ಡಿಕ್ಕಿಯ ಆ್ಯಂಪ್‌ವರೆಗಿನ ದಾರಿಯಲ್ಲಿ ಎಲ್ಲೋ. ನೂರಕ್ಕೆ ನೂರು ಅಂತ ಹೇಳುವುದಿಲ್ಲ, ಆದರೆ ನಾನು ಮೊದಲು ಕೈ ಹಾಕುವ ಜಾಗ ಅರ್ಥ್, ಅಂದರೆ ಕರೆಂಟ್ ವಾಪಸ್ ಹೋಗಲು ಕಾರಿನ ತಗಡಿಗೆ ಕೊಡುವ ಜೋಡಣೆ.

ಯಾಕೆ ಅಂದರೆ ನಿಮ್ಮ ಹೆಡ್ ಯೂನಿಟ್ ಡ್ಯಾಶ್‌ಬೋರ್ಡ್ ಹತ್ತಿರ ಕಾರಿನ ತಗಡಿಗೆ ಅರ್ಥ್ ಆಗಿದೆ, ಆ್ಯಂಪ್ ಡಿಕ್ಕಿಯಲ್ಲಿ ತಗಡಿಗೆ ಅರ್ಥ್ ಆಗಿದೆ. ಎರಡೂ ಅದೇ ಕಾರಿನ ಅದೇ ತಗಡು, ಆದರೂ ಎರಡು ಜಾಗದ ನಡುವೆ ಕೆಲವು ಮಿಲಿವೋಲ್ಟ್ ವ್ಯತ್ಯಾಸ ಇರುತ್ತದೆ. ಆ ವ್ಯತ್ಯಾಸಕ್ಕೆ ಓಡಾಡಲು ಇನ್ನೊಂದು ದಾರಿ ಸಿಕ್ಕಿದೆ: ಹೆಡ್ ಯೂನಿಟ್‌ನಿಂದ ಆ್ಯಂಪ್‌ಗೆ ಹಾಡು ಒಯ್ಯುವ ಆರ್‌ಸಿಎ ಕೇಬಲ್‌ನ ಹೊರಗಿನ ಜಾಲರಿ. ಹಾಡು ಹೋಗುವ ದಾರಿಯಲ್ಲೇ ಆಲ್ಟರ್ನೇಟರ್‌ನ ಉಬ್ಬುತಗ್ಗೂ ನುಗ್ಗುತ್ತದೆ, ಆ್ಯಂಪ್‌ಗೆ ಹಾಡು ಯಾವುದು ಹಾಳು ಯಾವುದು ಗೊತ್ತಿಲ್ಲ, ಎರಡನ್ನೂ ದೊಡ್ಡದು ಮಾಡಿ ಸ್ಪೀಕರ್‌ಗೆ ಕಳಿಸುತ್ತದೆ.

ಈಗ ಪರೀಕ್ಷೆ. ಎರಡು ಆರ್‌ಸಿಎ ಪಿನ್ ತೆಗೆದುಕೊಳ್ಳಿ (ಬೆಂಗಳೂರಿಗೆ ಬಂದರೆ ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತವೆ, ಹಾಸನದಲ್ಲೂ ಟಿವಿ ರಿಪೇರಿ ಅಂಗಡಿಯಲ್ಲಿ ಕೇಳಿ), ಒಳಗಿನ ಪಿನ್ನನ್ನೂ ಹೊರಗಿನ ರಿಂಗನ್ನೂ ಒಂದು ತುಂಡು ತಂತಿಯಿಂದ ಸೇರಿಸಿ ಬೆಸುಗೆ ಹಾಕಿ. ಸಿಸ್ಟಮ್ ಆಫ್ ಮಾಡಿ, ಆ್ಯಂಪ್‌ನ ಇನ್‌ಪುಟ್‌ನಿಂದ ಕೇಬಲ್ ತೆಗೆದು ಆ ಜಾಗಕ್ಕೆ ಇವನ್ನು ಚುಚ್ಚಿ, ಆಮೇಲೆ ಸ್ಟಾರ್ಟ್ ಮಾಡಿ. ಹೆಡ್ ಯೂನಿಟ್ ಕಡೆಗೆ ಮಾತ್ರ ಇದನ್ನು ಚುಚ್ಚಬೇಡಿ. ಸದ್ದು ನಿಂತರೆ ಆ್ಯಂಪ್‌ನ ಕರೆಂಟ್ ಕಡೆ ಚೊಕ್ಕ, ಕಳ್ಳ ಬರುತ್ತಿರುವುದು ಕೇಬಲ್ ದಾರಿಯಿಂದ. ಇನ್ನೂ ಕೇಳುತ್ತಿದ್ದರೆ ಆ್ಯಂಪ್ ಅಥವಾ ಅದರ ಕರೆಂಟ್ ವೈರು, ಅರ್ಥ್ ವೈರು. ಬೆಸುಗೆ ಗಿಸುಗೆ ಯಾರಿಗೆ ಬೇಕು ಅನ್ನುವವರಿಗೆ ಇನ್ನೊಂದು ಉಪಾಯ: ಚಾರ್ಜಿಗೆ ಹಾಕದ ಫೋನನ್ನು ನೇರ ಆ್ಯಂಪ್ ಇನ್‌ಪುಟ್‌ಗೆ ಕೊಟ್ಟು ಹಾಡು ಹಾಕಿ. ಫೋನ್ ತನ್ನ ಬ್ಯಾಟರಿಯಲ್ಲೇ ನಡೆಯುವುದರಿಂದ ಅದಕ್ಕೆ ಕಾರಿನ ಬಾಡಿ ಜೊತೆ ಸಂಬಂಧವೇ ಇಲ್ಲ. ಆಗ ಹಾಡು ತಿಳಿಯಾಗಿ ಬಂದರೆ ಎರಡು ಅರ್ಥ್‌ಗಳ ನಡುವಿನ ಜಗಳವೇ ನಿಮ್ಮ ರೋಗ.

ಆ್ಯಂಪ್‌ನ ಅರ್ಥ್ ಎಲ್ಲಿ ಕೊಟ್ಟಿದ್ದಾರೆ ನೋಡಿ. ಹತ್ತರಲ್ಲಿ ಆರೇಳು ಕಾರಲ್ಲಿ ನನಗೆ ಸಿಗುವುದು ಹಿಂದಿನ ಸೀಟಿನ ಬೋಲ್ಟ್. ಕೈಗೆ ಸುಲಭವಾಗಿ ಸಿಗುತ್ತದೆ, ಸ್ಪ್ಯಾನರ್ ಹಾಕಿ ಸಡಿಲಿಸಿ ವೈರು ಸಿಕ್ಕಿಸಿದರೆ ಆಯಿತು. ನಾನೂ ನನ್ನ ಹಳೇ ಕಾರಿಗೆ ಹಾಗೇ ಮಾಡಿದ್ದೆ. ಎರಡು ಭಾನುವಾರ ಹೋಯಿತು. ಕೇಬಲ್ ಬದಲಾಯಿಸಿದೆ, ಹೆಡ್ ಯೂನಿಟ್ ಬದಲಾಯಿಸಿ ನೋಡಿದೆ, ಕೊನೆಗೆ ಬೇಜಾರಾಗಿ ಬೋಲ್ಟ್ ಬಿಚ್ಚಿ ಟಾರ್ಚ್ ಬಿಟ್ಟರೆ ವಾಷರ್ ಕೂತಿದ್ದ ಜಾಗದಲ್ಲಿ ಬಣ್ಣ ಹೊಚ್ಚ ಹೊಸದಾಗಿ ಹೊಳೆಯುತ್ತಿತ್ತು, ಒಂದು ಗೀರೂ ಇಲ್ಲ. ಇಷ್ಟು ದಿನ ಆ್ಯಂಪ್‌ಗೆ ಅರ್ಥ್ ಸಿಗುತ್ತಿದ್ದದ್ದು ಬೋಲ್ಟಿನ ಮರೆಗಳ ಮೂಲಕ, ಅದರ ಮೇಲೂ ಕಾರ್ಖಾನೆಯವರು ಹಾಕಿದ ಒಣಗಿದ ಗೋಂದು. ಪಕ್ಕದಲ್ಲೇ ರುಪಾಯಿ ನಾಣ್ಯದಷ್ಟು ಜಾಗ ಎಮೆರಿ ಪೇಪರ್‌ನಿಂದ ಉಜ್ಜಿ, ತಗಡು ಬೆಳ್ಳಗೆ ಕಾಣುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದೆ. ಕುಂಯ್ ನಿಂತಿತು. ಉಜ್ಜಿದ ಜಾಗದ ಸುತ್ತ ಆಮೇಲೆ ಸ್ವಲ್ಪ ಗ್ರೀಸೋ ಬಣ್ಣವೋ ಹಚ್ಚಿ, ಇಲ್ಲವಾದರೆ ಮುಂದಿನ ಮಳೆಗಾಲಕ್ಕೆ ತುಕ್ಕು ಹಿಡಿದು ಮತ್ತೆ ಶುರು. ಅರ್ಥ್ ವೈರು ಒಂದೂವರೆ ಅಡಿ ಮೀರದಿರಲಿ, ಕರೆಂಟ್ ವೈರಿನಷ್ಟೇ ದಪ್ಪ ಇರಲಿ. ಡ್ರಿಲ್ ಮಾಡುವುದಾದರೆ ಕಾರಿನ ಕೆಳಗೆ ಒಮ್ಮೆ ಬಗ್ಗಿ ನೋಡಿ, ಆ ಜಾಗದ ಕೆಳಗೇ ಪೆಟ್ರೋಲ್ ಟ್ಯಾಂಕ್ ಇರಬಹುದು. ಸೀಟ್ ಬೆಲ್ಟಿನ ಬೋಲ್ಟ್ ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ, ಹಾಡಿಗಿಂತ ಜೀವ ದೊಡ್ಡದು.

ಬ್ಯಾಟರಿಯಿಂದ ಬರುವ ದಪ್ಪ ವೈರು ಮತ್ತು ಆರ್‌ಸಿಎ ಕೇಬಲ್ ಒಂದೇ ಕಡೆ ಜೊತೆಜೊತೆಯಾಗಿ ಹೋಗಿದ್ದರೆ ಬೇರೆ ಮಾಡಿ, ಒಂದು ಎಡಗಡೆ, ಒಂದು ಬಲಗಡೆ.

ಇಷ್ಟೆಲ್ಲ ಮಾಡಿಯೂ ಹೋಗದಿದ್ದರೆ ಆಗ ಆಲ್ಟರ್ನೇಟರ್. ಅದಕ್ಕೂ ಪರೀಕ್ಷೆ ಇದೆ. ಎಂಜಿನ್ ಓಡುತ್ತಿರುವಾಗ, ಹೆಡ್‌ಲೈಟ್ ಹಾಕಿ, ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಬ್ಯಾಟರಿಗೆ ಹಿಡಿಯಿರಿ. 0.1 ವೋಲ್ಟ್‌ಗಿಂತ ಕಡಿಮೆ ಇದ್ದರೆ ನೆಮ್ಮದಿ, 0.5 ದಾಟಿದರೆ ಒಳಗೆ ಡಯೋಡ್ ಹೋಗಿರುವ ಅನುಮಾನ. ತೀರಾ ಅಗ್ಗದ ಕೆಲವು ಮೀಟರ್‌ಗಳು ಹೀಗೆ ಹಿಡಿದಾಗ 25, 30 ಅಂತ ತೋರಿಸಿ ಹೆದರಿಸುತ್ತವೆ, ಅವಕ್ಕೆ ಡಿಸಿಯನ್ನು ತಡೆದು ಎಸಿಯನ್ನು ಮಾತ್ರ ಅಳೆಯಲು ಬರುವುದಿಲ್ಲ. ಎಂಜಿನ್ ಆಫ್ ಮಾಡಿದ ಮೇಲೂ ಹಾಗೇ ತೋರಿಸಿದರೆ ಮೀಟರ್ ಪಕ್ಕಕ್ಕಿಡಿ, ಬೇರೆಯವರದ್ದು ಕೇಳಿ ತನ್ನಿ.

ಪ್ರಶ್ನೆ: ನನ್ನದೂ ಕುಂಯ್ ಸದ್ದೇ. ಆದರೆ ಎರಡು ವರ್ಷ ಚೆನ್ನಾಗಿತ್ತು. ಹೋದ ವಾರ ಹಾಡು ಓಡುತ್ತಿರುವಾಗಲೇ ಆ್ಯಂಪ್‌ನ ಆರ್‌ಸಿಎ ಕೇಬಲ್ ಕಿತ್ತು ಬೇರೆ ಚಾನೆಲ್‌ಗೆ ಹಾಕಿದೆ, ಅವತ್ತಿಂದ ಶುರು. ಅರ್ಥ್ ಎಲ್ಲ ನೋಡಿದೆ, ಗಟ್ಟಿಯಾಗಿದೆ. (ಓದುಗರು, ಶಿವಮೊಗ್ಗ)

ಉತ್ತರ: ಅಯ್ಯೋ, ಓಡುತ್ತಿರುವಾಗ ಕಿತ್ತಿರಾ. ಕೆಲವು ಹೆಡ್ ಯೂನಿಟ್‌ಗಳ ಒಳಗೆ ಆರ್‌ಸಿಎ ಹೊರರಿಂಗಿಗೂ ಅರ್ಥ್‌ಗೂ ನಡುವೆ ಅಕ್ಕಿ ಕಾಳಿಗಿಂತ ಚಿಕ್ಕ ಫ್ಯೂಸ್ ಇರುತ್ತದೆ. ಕರೆಂಟ್ ಇರುವಾಗ ಕೇಬಲ್ ಎಳೆದು ಹಾಕುವಾಗ ಎಲ್ಲೋ ಒಂದು ಕ್ಷಣ ತಾಗಬಾರದ್ದು ತಾಗಿದರೆ ಅದು ಸುಟ್ಟುಹೋಗುತ್ತದೆ. ಹಾಡು ಬರುತ್ತಲೇ ಇರುತ್ತದೆ, ಕುಂಯ್ ಬೋನಸ್.

ಖಚಿತ ಮಾಡಿಕೊಳ್ಳುವುದು ಸುಲಭ. ಹೆಡ್ ಯೂನಿಟ್ ಹೊರಗೆ ಎಳೆಯಿರಿ. ಒಂದು ತುಂಡು ವೈರಿನ ತುದಿ ಸುಲಿದು ಹಿಂದಿರುವ ಆರ್‌ಸಿಎ ಹೊರರಿಂಗಿಗೆ ಸುತ್ತಿ, ಇನ್ನೊಂದು ತುದಿಯನ್ನು ಯೂನಿಟ್‌ನ ಲೋಹದ ಮೈಗೆ ತಾಗಿಸಿ. ತಾಗಿಸಿದಾಗ ಸದ್ದು ಮಾಯ, ಬಿಟ್ಟಾಗ ವಾಪಸ್ಸು ಅಂದರೆ ಇದೇ. ಒಳಗಿನ ಫ್ಯೂಸನ್ನು ಬೋರ್ಡ್ ಬಲ್ಲ ಟೆಕ್ನಿಷಿಯನ್ ಹತ್ತಿರ ಬದಲಾಯಿಸುವುದು ಸರಿಯಾದ ದಾರಿ. ಆ ತುಂಡು ವೈರನ್ನೇ ಸ್ಕ್ರೂ ಹಾಕಿ ಖಾಯಂ ಮಾಡುವವರು ಬಹಳ ಜನ, ಕೆಲಸ ನಡೆಯುತ್ತದೆ, ನನಗೇನೂ ತಕರಾರಿಲ್ಲ. ಇನ್ನು ಮುಂದೆ ಕೀ ತೆಗೆದು ಆಮೇಲೆ ಕೇಬಲ್ ಮುಟ್ಟಿ.

ಪ್ರಶ್ನೆ: ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದೆ, ನಾಯ್ಸ್ ಫಿಲ್ಟರ್ ಹಾಕಿಸಿ ಸರಿಹೋಗುತ್ತೆ ಅಂದರು. ಹಾಕಿಸಲಾ? ಫೋನನ್ನು ಆಕ್ಸ್ ವೈರಿಗೆ ಹಾಕಿ, ಜೊತೆಗೆ ಚಾರ್ಜರ್‌ಗೂ ಹಾಕಿದಾಗ ಮಾತ್ರ ನನಗೆ ಸದ್ದು ಬರುತ್ತೆ. ಚಾರ್ಜರ್ ತೆಗೆದರೆ ಇಲ್ಲ. (ಓದುಗರು, ಬೆಂಗಳೂರು)

ಉತ್ತರ: ಪ್ರಶ್ನೆಯಲ್ಲೇ ಉತ್ತರ ಬರೆದಿದ್ದೀರಿ, ಅಲ್ವಾ? ಇದೂ ಹಾಸನದವರ ಕಥೆಯೇ, ಚಿಕ್ಕ ಪ್ರಮಾಣದಲ್ಲಿ. ಫೋನಿಗೆ ಚಾರ್ಜರ್ ಮೂಲಕ ಒಂದು ಅರ್ಥ್, ಆಕ್ಸ್ ವೈರಿನ ಮೂಲಕ ಇನ್ನೊಂದು ಅರ್ಥ್. ಸುತ್ತು ಪೂರ್ತಿ ಆಯಿತು.

ಕಾಸು ಖರ್ಚಿಲ್ಲದ ದಾರಿ ಬ್ಲೂಟೂತ್. ನಿಮ್ಮ ಸ್ಟೀರಿಯೋದಲ್ಲಿ ಬ್ಲೂಟೂತ್ ಇಲ್ಲ ಅಂದರೆ ಫೋನನ್ನು ಪವರ್ ಬ್ಯಾಂಕಿನಿಂದ ಚಾರ್ಜ್ ಮಾಡಿ ನೋಡಿ. ಅದೂ ಬೇಡ ಅಂದರೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ ಸಿಗುತ್ತದೆ, ಆಕ್ಸ್ ವೈರಿನ ನಡುವೆ ಹಾಕುವುದು. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತವೆ, ಹಾಡು ದಾಟುತ್ತದೆ, ಅರ್ಥ್ ದಾಟುವುದಿಲ್ಲ. ಅಗ್ಗದ ಡಬ್ಬಿಯಲ್ಲಿ ಬೇಸ್ ಸ್ವಲ್ಪ ಸೊರಗುತ್ತದೆ. ಕಾರಿನಲ್ಲಿ ಹಳೇ ಹಾಡು, ಸುದ್ದಿ ಕೇಳುವವರಿಗೆ ಗೊತ್ತೂ ಆಗುವುದಿಲ್ಲ.

ಅವರು ಹೇಳಿದ ಫಿಲ್ಟರ್ ಕರೆಂಟ್ ವೈರಿಗೆ ಹಾಕುವ ಥರದ್ದಾದರೆ ನಿಮ್ಮ ಕೇಸಿಗೆ ಸಂಬಂಧವೇ ಇಲ್ಲ. ರೋಗ ಗೊತ್ತಾಗದೆ ಫಿಲ್ಟರ್ ಹಾಕಿಸುವುದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ನಮಸ್ಕಾರ ಸಾರ್. ನಾನು ಹಳದಿ ಬೋರ್ಡ್ ಟ್ಯಾಕ್ಸಿ ಓಡಿಸ್ತೀನಿ. ಹಾಡು ಕೇಳ್ತಾ ಇರುವಾಗ ಆಗಾಗ ಟರ್ ಟರ್ ಟರ್, ಟರ್ರ್ರ್ ಅಂತ ಬರುತ್ತೆ, ಐದಾರು ಸೆಕೆಂಡ್ ಇದ್ದು ಹೋಗುತ್ತೆ. ಫೋನ್ ಇರಬೇಕು ಅಂತ ಆಫ್ ಮಾಡಿದೆ, ಮನೇಲಿಟ್ಟೂ ನೋಡಿದೆ. ಆದ್ರೂ ಬರುತ್ತೆ. ಮೊನ್ನೆ ಪ್ಯಾಸೆಂಜರ್ ಒಬ್ರು ಗಾಡೀಲಿ ಏನೋ ಸೇರ್ಕೊಂಡಿದೆ ಅಂದ್ರು. (ಓದುಗರು, ಮಂಗಳೂರು)

ಉತ್ತರ: ಸೇರಿಕೊಂಡಿರುವುದು ಹೌದು, ಆದರೆ ದೆವ್ವ ಅಲ್ಲ, ಸಿಮ್ ಕಾರ್ಡ್. ನಿಮ್ಮ ಗಾಡಿಗೆ ಟ್ರ್ಯಾಕಿಂಗ್ ಡಿವೈಸ್ ಹಾಕಿರುತ್ತಾರೆ ಅಲ್ವಾ, ಎಫ್‌ಸಿಗೆ ಹೋದಾಗ ನೋಡುತ್ತಾರಲ್ಲ, ಅದು. ಡ್ಯಾಶ್‌ಬೋರ್ಡ್ ಒಳಗೆ ಸ್ಟೀರಿಯೋ ಹಿಂದೆಯೇ ಅದನ್ನು ತುರುಕಿರುತ್ತಾರೆ, ಅದಕ್ಕೂ ಒಂದು ಸಿಮ್ ಇದೆ, ಅದೂ ಆಗಾಗ ಟವರ್ ಜೊತೆ ಮಾತಾಡುತ್ತದೆ.

ಈ ಟರ್ ಟರ್ 2ಜಿಯ ಸಹಿ ಇದ್ದ ಹಾಗೆ. 2ಜಿಯಲ್ಲಿ ಎಂಟು ಫೋನ್‌ಗಳು ಒಂದೇ ಚಾನೆಲ್ಲನ್ನು ಸರದಿಯಲ್ಲಿ ಹಂಚಿಕೊಳ್ಳುತ್ತವೆ, ನಿಮ್ಮ ಸರದಿ 4.6 ಮಿಲಿಸೆಕೆಂಡಿಗೊಮ್ಮೆ ಬರುತ್ತದೆ. ಅಂದರೆ ಸೆಕೆಂಡಿಗೆ 217 ಸಲ ಆ ಪುಟ್ಟ ರೇಡಿಯೋ ಹೊತ್ತಿಕೊಂಡು ಆರುತ್ತದೆ. ಪಕ್ಕದಲ್ಲಿರುವ ಆಡಿಯೋ ವೈರು ಅದನ್ನು ಆಂಟೆನಾದ ಹಾಗೆ ಹಿಡಿದುಕೊಳ್ಳುತ್ತದೆ, 217 ಹರ್ಟ್ಸ್ ಚೆನ್ನಾಗಿ ಕಿವಿಗೆ ಬೀಳುವ ಸದ್ದು. ಹದಿನೈದು ವರ್ಷದ ಹಿಂದೆ ಕಂಪ್ಯೂಟರ್ ಸ್ಪೀಕರ್ ಪಕ್ಕ ಫೋನ್ ಇಟ್ಟವರಿಗೆಲ್ಲ ಇದರ ಪರಿಚಯ ಇದೆ, ರಿಂಗ್ ಆಗುವ ಮೊದಲೇ ಸ್ಪೀಕರ್ ಹೇಳಿಬಿಡುತ್ತಿತ್ತು. ಜಿಯೋ 2016ರಲ್ಲಿ ಬಂದದ್ದೇ 4ಜಿಯಲ್ಲಿ, ಅದಕ್ಕೆ 2ಜಿ ಇಲ್ಲವೇ ಇಲ್ಲ. ಹಾಗಾಗಿ ಈಗಿನ ಹುಡುಗರಿಗೆ ಈ ಸದ್ದು ಗೊತ್ತಿಲ್ಲ. ಕೀಪ್ಯಾಡ್ ಫೋನ್ ಮತ್ತು ಇಂಥ ಡಿವೈಸ್‌ಗಳಲ್ಲಿ 2ಜಿ ಇನ್ನೂ ಉಳಿದಿದೆ.

ಡಿವೈಸನ್ನು ಕಿತ್ತು ಹಾಕಬೇಡಿ, ವೈರು ಕತ್ತರಿಸಬೇಡಿ, ಫೈನ್ ಬೀಳುವುದು ನಿಮಗೆ. ಹಾಕಿದವರ ಹತ್ತಿರವೇ ಹೋಗಿ, ಸ್ಟೀರಿಯೋದಿಂದ ಒಂದೆರಡು ಅಡಿ ದೂರ ಸರಿಸಿಕೊಡಲು ಹೇಳಿ. ಅಷ್ಟು ದೂರವೇ ಸಾಕಾಗುತ್ತದೆ. ಪ್ಯಾಸೆಂಜರ್‌ಗೆ ನಮಸ್ಕಾರ ಹೇಳಿ.

ಪ್ರಶ್ನೆ: ಡ್ಯಾಶ್‌ಕ್ಯಾಮ್ ಹಾಕಿಸಿದ ಮೇಲೆ ಎಫ್‌ಎಂ ಸರಿಯಾಗಿ ಬರುತ್ತಿಲ್ಲ. ಬೆಂಗಳೂರಿನಲ್ಲಿ ಪರವಾಗಿಲ್ಲ, ನೆಲಮಂಗಲ ದಾಟಿದರೆ 101.3 ಬರೀ ಬುಸ್. ಬ್ಲೂಟೂತ್ ಹಾಡು ಸರಿಯಾಗಿದೆ. (ಓದುಗರು, ತುಮಕೂರು)

ಉತ್ತರ: ಬ್ಲೂಟೂತ್ ಸರಿ, ಎಫ್‌ಎಂ ಮಾತ್ರ ಹಾಳು ಅಂದರೆ ಆ್ಯಂಪ್, ಅರ್ಥ್, ಸ್ಪೀಕರ್ ಎಲ್ಲವನ್ನೂ ಲೆಕ್ಕದಿಂದ ಬಿಡಬಹುದು. ಗಲಾಟೆ ಆಂಟೆನಾ ಬಾಗಿಲಲ್ಲಿ.

ಕ್ಯಾಮೆರಾಗಿಂತ ಜಾಸ್ತಿ ಅನುಮಾನ ಅದರ ಚಾರ್ಜರ್ ಮೇಲೆ. ಕಾರಿನ 12 ವೋಲ್ಟನ್ನು 5 ವೋಲ್ಟ್ ಮಾಡಲು ಅದರೊಳಗಿನ ಸರ್ಕ್ಯೂಟ್ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್ ಆಫ್ ಆಗುತ್ತದೆ. ಸರಿಯಾಗಿ ಮುಚ್ಚಿಡದ ಚಾರ್ಜರ್ ಅಂದರೆ ಪುಟ್ಟ ರೇಡಿಯೋ ಸ್ಟೇಷನ್ನೇ. ಅದರ ಉದ್ದದ ವೈರು ಬೇರೆ ಮುಂದಿನ ಗಾಜಿನ ಪಕ್ಕದ ಕಂಬದೊಳಗೆ ಹೋಗುತ್ತದೆ, ಎಷ್ಟೋ ಕಾರುಗಳಲ್ಲಿ ಮಾಡಿನ ಆಂಟೆನಾದ ಕೇಬಲ್ ಇಳಿಯುವುದೂ ಅದೇ ದಾರಿಯಲ್ಲಿ. ಊರೊಳಗೆ ಸ್ಟೇಷನ್ ಜೋರಾಗಿರುವುದರಿಂದ ಗೆಲ್ಲುತ್ತದೆ, ನೆಲಮಂಗಲ ದಾಟಿದ ಮೇಲೆ ಚಾರ್ಜರ್ ಗೆಲ್ಲುತ್ತದೆ.

ದುರ್ಬಲ ಸ್ಟೇಷನ್ ಹಾಕಿಕೊಂಡು ಒಂದು ಕಡೆ ನಿಲ್ಲಿಸಿ, ಚಾರ್ಜರ್ ಕಿತ್ತು ನೋಡಿ. ಬುಸ್ ಹೋದರೆ ಚಾರ್ಜರ್ ಬದಲಾಯಿಸಿ, ಅಥವಾ ಫೆರೈಟ್ ಕ್ಲಿಪ್ ತಂದು ಚಾರ್ಜರ್ ಹತ್ತಿರವೇ ವೈರನ್ನು ಮೂರು ನಾಲ್ಕು ಸುತ್ತು ಅದರೊಳಗೆ ಸುತ್ತಿ ಮುಚ್ಚಿ. ಲ್ಯಾಪ್‌ಟಾಪ್ ವೈರಿನಲ್ಲಿ ಉಂಡೆಯ ಹಾಗೆ ಇರುತ್ತದಲ್ಲ, ಅದೇ ಜಾತಿ. ಒಂದೇ ಸಲ ತೂರಿಸಿ ಬಿಟ್ಟರೆ ಅಷ್ಟು ಪ್ರಯೋಜನ ಇಲ್ಲ. ಇದೇ ಥರ ಹೆಡ್‌ಲೈಟ್ ಹಾಕಿದಾಗ ಮಾತ್ರ ಎಫ್‌ಎಂ ಬುಸ್ ಅನ್ನುತ್ತದೆ ಅಂತ ಮೂವರು ಬರೆದಿದ್ದಾರೆ. ಮೂವರೂ ಹೊರಗಿನಿಂದ ತಂದ ಎಲ್‌ಇಡಿ ಬಲ್ಬ್ ಹಾಕಿಸಿದವರೇ. ಹಳೇ ಬಲ್ಬ್ ವಾಪಸ್ ಹಾಕಿ ನೋಡಿ ಸ್ವಾಮಿ, ಎದುರಿನಿಂದ ಬರುವವರ ಕಣ್ಣಿಗೂ ಒಳ್ಳೆಯದು.

ಪ್ರಶ್ನೆ: ಚಾರ್ಮಾಡಿ ಘಾಟಿಯಲ್ಲಿ ಎಫ್‌ಎಂ ಪೂರ್ತಿ ಹೋಗುತ್ತೆ. ಆಂಟೆನಾ ಬದಲಾಯಿಸಿದರೆ ಬರುತ್ತಾ? (ಓದುಗರು, ಮೂಡಿಗೆರೆ)

ಉತ್ತರ: ಇಲ್ಲ. ಎಫ್‌ಎಂ ಅಲೆ ಹೆಚ್ಚುಕಡಿಮೆ ಬೆಳಕಿನ ಹಾಗೆ ನೆಟ್ಟಗೆ ಹೋಗುತ್ತದೆ, ನಡುವೆ ಗುಡ್ಡ ಬಂದರೆ ಮುಗಿಯಿತು. ತಿರುವಿನಲ್ಲಿ ಕಿಟಕಿ ಇಳಿಸಿ ಜೀರುಂಡೆ ಕೇಳಿ.

ಪ್ರಶ್ನೆ: ನಮ್ಮ ತಂದೆಯವರಿಗೆ ಧಾರವಾಡ ಆಕಾಶವಾಣಿ ಕೇಳುತ್ತಾ ಹೋಗುವ ರೂಢಿ. ಹೊಸ ಎಲೆಕ್ಟ್ರಿಕ್ ಕಾರು ತಗೊಂಡೆವು. ಅದಕ್ಕೆ ಎಎಂ ಇರುವ ಸ್ಟೀರಿಯೋ ಹುಡುಕಿ ಹಾಕಿಸಿದರೂ ಬರೀ ಝುಂಯ್, ಆಕ್ಸಿಲರೇಟರ್ ಒತ್ತಿದರೆ ಇನ್ನೂ ಜಾಸ್ತಿ. ಅಪ್ಪ ಹಳೇ ಕಾರೇ ಚೆನ್ನಾಗಿತ್ತು ಅಂತಾರೆ. (ಓದುಗರು, ಹುಬ್ಬಳ್ಳಿ)

ಉತ್ತರ: ಈ ವಿಷಯದಲ್ಲಿ ನಿಮ್ಮ ತಂದೆಯವರ ಮಾತು ಸರಿ. ನಿಮ್ಮ ಕಾರಿನಲ್ಲಿ ಆಲ್ಟರ್ನೇಟರ್ ಇಲ್ಲ, ಆದರೆ ಅದಕ್ಕಿಂತ ದೊಡ್ಡ ಗಲಾಟೆಗಾರ ಇದ್ದಾನೆ: ಇನ್ವರ್ಟರ್. ದೊಡ್ಡ ಬ್ಯಾಟರಿಯ ಡಿಸಿಯನ್ನು ಮೋಟಾರಿಗೆ ಬೇಕಾದ ಎಸಿ ಮಾಡಲು ಅದು ನೂರಾರು ವೋಲ್ಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸುತ್ತದೆ. ಕತ್ತರಿಸುವ ಪ್ರತಿ ಏಟಿನ ಪಡಿಯಚ್ಚುಗಳು ಮೇಲಿನ ಫ್ರೀಕ್ವೆನ್ಸಿಗಳಲ್ಲೂ ಹರಡುತ್ತವೆ, ಧಾರವಾಡದ 765 ಕಿಲೋಹರ್ಟ್ಸ್ ಅವುಗಳ ಮಧ್ಯೆ ಸಿಕ್ಕಿಕೊಂಡಿದೆ. ಎಎಂ ರೇಡಿಯೋಗೆ ಅಲೆಯ ಎತ್ತರವೇ ಮಾತು, ಸದ್ದು ಬಂದು ಎತ್ತರಕ್ಕೇ ಅಂಟಿಕೊಂಡರೆ ಬೇರೆ ಮಾಡಲು ಬರುವುದಿಲ್ಲ. ಎಫ್‌ಎಂಗೆ ಆ ತೊಂದರೆ ಕಡಿಮೆ. ಟೆಸ್ಲಾ, ಬಿಎಂಡಬ್ಲ್ಯೂ ಐ3 ಥರದ ಕಾರುಗಳಿಂದ ಎಎಂ ರೇಡಿಯೋವನ್ನೇ ತೆಗೆದುಹಾಕಿದ್ದು ಇದೇ ತಲೆನೋವಿಗೆ.

ಮನೆಯಲ್ಲಿ ಕೂತು ನೀವು ಸರಿಮಾಡುವ ಕೆಲಸ ಇದಲ್ಲ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕೈ ಹಿಂದಕ್ಕೆ ತೆಗೆದುಕೊಳ್ಳಿ, ಆ ನೂರಾರು ವೋಲ್ಟ್ ಹರಿಯುವುದು ಅದರಲ್ಲೇ, ಅದು ಆಡಿಯೋ ಅಂಗಡಿಯವರು ಮುಟ್ಟುವ ವೈರಲ್ಲ, ಅವರು ಮುಟ್ಟುತ್ತೇವೆ ಅಂದರೂ ಬೇಡ ಅನ್ನಿ. ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಆಕಾಶವಾಣಿ ಕೇಂದ್ರಗಳು ಸಿಗುತ್ತವೆ. ಅಪ್ಪನ ಫೋನಿಗೆ ಹಾಕಿ, ಕಾರಿಗೆ ಬ್ಲೂಟೂತ್ ಜೋಡಿಸಿ ಕೊಡಿ. ಮೊದಲ ವಾರ ಗೊಣಗುತ್ತಾರೆ. ಒಂದು ಎಚ್ಚರ, ಆ್ಯಪ್‌ನಲ್ಲಿ ರೇಡಿಯೋಗಿಂತ ಕೆಲವು ಸೆಕೆಂಡ್ ತಡವಾಗಿ ಬರುತ್ತದೆ, ಅದನ್ನು ಕೇಳಿ ವಾಚಿನ ಟೈಮ್ ಸರಿಮಾಡಿಕೊಳ್ಳುವ ಅಭ್ಯಾಸ ಇದ್ದರೆ ಮೊದಲೇ ಹೇಳಿಬಿಡಿ.

ಪ್ರಶ್ನೆ: ಡೀಸೆಲ್ ಕಾರು. ಸ್ಪೀಕರ್‌ನಲ್ಲಿ ಟಿಕ್ ಟಿಕ್. ಸ್ಪಾರ್ಕ್ ಪ್ಲಗ್ ಬದಲಾಯಿಸಿ ಅಂದರು ಒಬ್ಬ ಮೆಕ್ಯಾನಿಕ್. (ಓದುಗರು, ಬಳ್ಳಾರಿ)

ಉತ್ತರ: ಮೆಕ್ಯಾನಿಕ್‌ನ ಬದಲಾಯಿಸಿ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇರುವುದೇ ಇಲ್ಲ, ಇರುವುದು ಗ್ಲೋ ಪ್ಲಗ್, ಅದು ಕಿಡಿ ಹಾರಿಸುವುದಿಲ್ಲ, ಬರೀ ಬಿಸಿಯಾಗುತ್ತದೆ. ಟಿಕ್ ಟಿಕ್ ಎಂಜಿನ್ ಜೊತೆ ಜೋರಾಗುತ್ತದೆಯೇ, ಇಂಡಿಕೇಟರ್ ಹಾಕಿದಾಗ ಮಾತ್ರ ಬರುತ್ತದೆಯೇ ನೀವು ಬರೆದಿಲ್ಲ. ಎಂಜಿನ್ ಜೊತೆ ಅಂದರೆ ಆಡಿಯೋ ವೈರು ಇಂಜೆಕ್ಟರ್ ವೈರಿಂಗ್ ಪಕ್ಕ ಹೋಗಿದೆಯೇ ನೋಡಿಸಿ. ಪೆಟ್ರೋಲ್ ಕಾರಿನವರಿಗೆ ಇದೇ ಸದ್ದು ಬಂದರೆ ಪ್ಲಗ್ ನೋಡಬೇಕಾದ್ದು ನಿಜ, ಒಳಗೆ ರೆಸಿಸ್ಟರ್ ಇರುವ ಪ್ಲಗ್ಗೇ ಇರಬೇಕು, ಅದು ಸಾಮಾನ್ಯವಾಗಿ 5,000 ಓಮ್ ಆಸುಪಾಸಿನದು. ಅದಿಲ್ಲದ ಪ್ಲಗ್ ಹಾಕಿದರೆ ಪ್ರತಿ ಕಿಡಿಯೂ ರೇಡಿಯೋಗೆ ಕೇಳುತ್ತದೆ.

ಪ್ರಶ್ನೆ: ಎಂಜಿನ್ ಆಫ್ ಇದ್ದರೂ ಹಾಡು ನಿಲ್ಲಿಸಿದಾಗ ಸುಸ್‌ ಅಂತ ಕೇಳುತ್ತೆ. ಅರ್ಥ್ ಸರಿ ಮಾಡಲಾ? (ಓದುಗರು, ದಾವಣಗೆರೆ)

ಉತ್ತರ: ಅರ್ಥ್ ಬಿಡಿ. ಆ್ಯಂಪ್ ಮೇಲೆ ಗೇನ್ ಅಂತ ಸಣ್ಣ ತಿರುಪು ಇರುತ್ತದೆ, ನಿಮ್ಮದು ಪೂರ್ತಿ ಬಲಕ್ಕೆ ತಿರುಗಿಸಿದ್ದಾರೆ ಅಂತ ನನ್ನ ಊಹೆ. ಅದು ವಾಲ್ಯೂಮ್ ಅಲ್ಲ. ಹೆಡ್ ಯೂನಿಟ್ ಎಷ್ಟು ಜೋರಾಗಿ ಕಳಿಸುತ್ತದೋ ಅದಕ್ಕೆ ತಕ್ಕ ಹಾಗೆ ಆ್ಯಂಪ್‌ನ ಕಿವಿ ಹೊಂದಿಸುವ ತಿರುಪು. ಪೂರ್ತಿ ತಿರುಗಿಸಿದರೆ ಹೆಡ್ ಯೂನಿಟ್‌ನ ಉಸಿರೂ ಕೇಳುತ್ತದೆ.

ಗೇನ್ ಪೂರ್ತಿ ಇಳಿಸಿ. ಬೇಸ್ ಬೂಸ್ಟ್ ಆಫ್. ಚೆನ್ನಾಗಿ ರೆಕಾರ್ಡ್ ಆದ, ನಿಮಗೆ ಬಾಯಿಪಾಠ ಇರುವ ಹಾಡು ಹಾಕಿ ಹೆಡ್ ಯೂನಿಟ್ ವಾಲ್ಯೂಮ್ ಮುಕ್ಕಾಲು ಭಾಗಕ್ಕೆ ಏರಿಸಿ, ಆಮೇಲೆ ಗೇನನ್ನು ನಿಧಾನಕ್ಕೆ ಏರಿಸುತ್ತಾ ಹೋಗಿ. ಹಾಡುವವರ ಗಂಟಲು ಒಡೆಯಲು ಶುರುವಾದ ಜಾಗದಿಂದ ಸ್ವಲ್ಪ ಹಿಂದಕ್ಕೆ ಬನ್ನಿ. ಅಲ್ಲೇ ಬಿಡಿ, ಮತ್ತೆ ಮುಟ್ಟಬೇಡಿ, ಮೈದುನನಿಗೂ ಮುಟ್ಟಲು ಬಿಡಬೇಡಿ.

ಪ್ರಶ್ನೆ: ಕೀ ಆಫ್ ಮಾಡಿದ ತಕ್ಷಣ ವೂಫರ್ ದಬ್ ಅನ್ನುತ್ತೆ. (ಓದುಗರು, ರಾಯಚೂರು)

ಉತ್ತರ: ಹೆಡ್ ಯೂನಿಟ್ ಸತ್ತ ಮೇಲೂ ಆ್ಯಂಪ್ ಒಂದು ಕ್ಷಣ ಬದುಕಿರುತ್ತದೆ, ಅದಕ್ಕೆ. ಆ್ಯಂಪನ್ನು ಆನ್ ಆಫ್ ಮಾಡಿಸುವ ರಿಮೋಟ್ ವೈರನ್ನು ಇಗ್ನಿಷನ್ ಲೈನಿಗೆ ಕೊಟ್ಟಿದ್ದರೆ ಅಲ್ಲಿಂದ ತೆಗೆದು ಹೆಡ್ ಯೂನಿಟ್‌ನ ನೀಲಿ ಬಿಳಿ ಪಟ್ಟೆಯ ವೈರಿಗೆ ಕೊಡಿಸಿ.

ಪ್ರಶ್ನೆ: ಬೇಸ್ ಬಂದಾಗ ಎಡಗಡೆ ಮುಂದಿನ ಬಾಗಿಲಲ್ಲಿ ಗರ್ರ್ ಅನ್ನುತ್ತೆ. ಸ್ಪೀಕರ್ ಹರಿದಿದೆ ಅಂತ ಹೊಸದು ಹಾಕಿಸಿದೆ, ಈಗಲೂ ಅದೇ. ಅಂಗಡಿಯವರು ಇದು ಕೂಡ ಡಿಫೆಕ್ಟ್ ಪೀಸ್ ಇರಬೇಕು ಅಂತಾರೆ. (ಓದುಗರು, ಮೈಸೂರು)

ಉತ್ತರ: ಎರಡು ಸ್ಪೀಕರ್ ಒಂದೇ ಥರ ಕೆಟ್ಟಿರುವುದು ಕಷ್ಟ. ಇದು ವೈರಿನ ಸದ್ದೇ ಅಲ್ಲ, ತಗಡಿನ ಸದ್ದು.

ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಳ್ಳಿ. ಬ್ಯಾಲೆನ್ಸ್ ಎಡಕ್ಕೆ, ಫೇಡರ್ ಮುಂದಕ್ಕೆ ಇಟ್ಟು 40 ಹರ್ಟ್ಸ್‌ನಿಂದ ನಿಧಾನವಾಗಿ 200ವರೆಗೆ ಏರಿಸಿ. ಎಲ್ಲೋ ಒಂದು ಸಂಖ್ಯೆಯಲ್ಲಿ, 70 ಅನ್ನಿ 90 ಅನ್ನಿ, ಗರ್ರ್ ಜೋರಾಗುತ್ತದೆ. ಅಲ್ಲೇ ನಿಲ್ಲಿಸಿ. ಈಗ ಮನೆಯವರನ್ನು ಕೂರಿಸಿಕೊಂಡು, ನೀವು ಬಾಗಿಲಿನ ಪ್ಯಾನಲ್ಲನ್ನು ಅಂಗೈಯಿಂದ ಒಂದೊಂದೇ ಜಾಗದಲ್ಲಿ ಒತ್ತುತ್ತಾ ಬನ್ನಿ, ಅವರು ಕೇಳುತ್ತಾ ಹೇಳಲಿ. ಒತ್ತಿದಾಗ ಸದ್ದು ಸತ್ತ ಜಾಗವೇ ಅಪರಾಧಿ. ಸಾಮಾನ್ಯವಾಗಿ ಮುರಿದ ಪ್ಲಾಸ್ಟಿಕ್ ಕ್ಲಿಪ್. ನಿಮ್ಮದರಲ್ಲಿ ಎರಡು ಸಲ ಪ್ಯಾನಲ್ ಬಿಚ್ಚಿದ್ದಾರೆ, ಹಳೇ ಕ್ಲಿಪ್ಪನ್ನೇ ವಾಪಸ್ ಒತ್ತಿರುತ್ತಾರೆ. ಹೊಸ ಕ್ಲಿಪ್ ಹಾಕಿಸಿ. ಒಳಗೆ ಸೆಂಟ್ರಲ್ ಲಾಕಿನ ಸರಳು, ವೈರಿನ ಕಂತೆ ತಗಡಿಗೆ ಬಡಿಯುತ್ತಿದ್ದರೆ ಬಟ್ಟೆಯ ಟೇಪ್ ಸುತ್ತಿ.

ಬಾಗಿಲೊಳಗಿನ ಪ್ಲಾಸ್ಟಿಕ್ ಹಾಳೆಯನ್ನು ಅವರು ಹರಿದು ಬಿಸಾಕಿಲ್ಲ ತಾನೇ? ಕಿಟಕಿ ಗಾಜಿನ ಮೇಲಿಂದ ಮಳೆನೀರು ಬಾಗಿಲೊಳಗೆ ಇಳಿಯುವುದು ಮಾಮೂಲು, ಕೆಳಗಿನ ತೂತಿನಿಂದ ಹೊರಗೆ ಹೋಗುತ್ತದೆ. ನೀರು ಪ್ಯಾನಲ್ ಕಡೆಗೂ ಒಳಗೂ ಬಾರದಂತೆ ತಡೆಯುವುದು ಆ ಹಾಳೆ. ಅದಿಲ್ಲದಿದ್ದರೆ ಕಾಲಡಿಯ ಮ್ಯಾಟ್ ಒದ್ದೆ ಆಗುತ್ತದೆ.

ಪ್ಯಾನಲ್ ಬಿಚ್ಚುವ ಮೊದಲು ಒಂದು ಕೆಲಸ ಮಾಡಿ. ಬಾಗಿಲಿನ ಜೇಬಿನಲ್ಲಿರುವ ಟೋಲ್ ಚೀಟಿ, ಚಿಲ್ಲರೆ, ನೀರಿನ ಬಾಟಲಿ, ಎಲ್ಲವನ್ನೂ ಹೊರಗೆ ತೆಗೆಯಿರಿ, ಡ್ಯಾಶ್‌ಬೋರ್ಡ್ ಮೇಲಿನ ಗಣೇಶನನ್ನು ಒಂದು ಬೆರಳಿಂದ ಹಿಡಿದುಕೊಂಡು ಅದೇ ಟೋನ್ ಮತ್ತೊಮ್ಮೆ ಕೇಳಿ. ಹೋದ ವರ್ಷ ನನ್ನ ಹತ್ತಿರ ಬಂದ ಒಂದು ಕಾರಿನಲ್ಲಿ ಎರಡೂ ಬಾಗಿಲು ಬಿಚ್ಚಿ, ಮತ್ತೆ ಹಾಕಿ, ಸಂಜೆ ಆದ ಮೇಲೆ ಗೊತ್ತಾದದ್ದು, ಗಣೇಶನ ಕೆಳಗಿನ ಅಂಟು ಬಿಸಿಲಿಗೆ ಬಿಟ್ಟುಹೋಗಿತ್ತು.